ಆರು ಸಿಲಿಂಡರಿನದೋ, ನಾಲ್ಕರದೋ

ಎರಡನೇ ಮಹಾಯುದ್ಧ ಶುರುವಾದ ಮೇಲೆ ಮಂಗಳೂರಿಗೆ ಹೊಸ ಗಾಡಿಗಳು ಬರುವುದು ನಿಂತೇ ಹೋಗಿತ್ತು. ಪೆಟ್ರೋಲಿಗೆ ಕೂಪನ್ ಬಂತು. ನಾನು ಓಡಿಸುತ್ತಿದ್ದ ಕಾರ್ಕಳದ ಬಸ್ಸು ಶೆಡ್ಡು ಸೇರಿತು. ಫಳ್ನೀರಿನ ಒಂದು ಹೆರಿಗೆ ಆಸ್ಪತ್ರೆಯವರಿಗೆ ಡ್ರೈವರ್ ಬೇಕಂತೆ ಎಂದು ಯಾರೋ ಹೇಳಿದ್ದನ್ನು ಕೇಳಿ ಅಲ್ಲಿಗೆ ಹೋದೆ. ಅಲ್ಲಿನ ಡಾಕ್ಟರಮ್ಮ ಮದ್ರಾಸಿನಲ್ಲಿ ಓದಿ ಬಂದವರು, ಮಾತು ಕಡಿಮೆ. ನನ್ನ ಲೈಸೆನ್ಸ್ ನೋಡಿ, “ಗಾಡಿ ರಿಪೇರಿ ಗೊತ್ತುಂಟಾ?” ಎಂದು ಕೇಳಿದರು. ಉಂಟು ಎಂದೆ. “ಹಾಗಾದ್ರೆ ಮೊದಲು ಗಾಡಿ ಆರಿಸಿ ಕೊಡಿ. ನಮ್ಮಲ್ಲಿ ಇನ್ನೂ ಗಾಡಿಯೇ ಇಲ್ಲ” ಎಂದರು.

ಆಗ ಹಳ್ಳಿಗಳಿಂದ ಹೆರಿಗೆಗೆ ಬರುವವರು ಎತ್ತಿನ ಗಾಡಿಯಲ್ಲೋ ಮಂಚದ ಮೇಲೆ ಹೊತ್ತುಕೊಂಡೋ ಬರುತ್ತಿದ್ದರು. ತಡವಾಗಿ ಬಂದವರಲ್ಲಿ ಹಲವರು ಉಳಿಯುತ್ತಿರಲಿಲ್ಲ. ರೋಗಿಯನ್ನು ಮಲಗಿಸಿ ತರುವ ಒಂದು ಗಾಡಿ ಆಸ್ಪತ್ರೆಗೆ ಇರಲೇಬೇಕೆಂದು ಡಾಕ್ಟರಮ್ಮ ಹಟ ಹಿಡಿದಿದ್ದರು. ಹೊಸದು ಸಿಗುವಂತಿರಲಿಲ್ಲ. ಹಳೆಯವು ಎರಡು ಸಿಕ್ಕಿದ್ದವು. ಎರಡನ್ನೂ ಪರೀಕ್ಷೆಗೆಂದು ಆಸ್ಪತ್ರೆಯ ಹಿಂದಿನ ಹಲಸಿನ ಮರದ ಅಡಿಯಲ್ಲಿ ತಂದು ನಿಲ್ಲಿಸಿದ್ದರು.

ಒಂದು ಅಮೆರಿಕದ್ದು. ಮೊದಲು ಸಣ್ಣ ಬಸ್ಸಾಗಿ ಓಡಿದ್ದು. ಆರು ಸಿಲಿಂಡರ್, ಮೂರು ಗೇರು, ಸೆಲ್ಫ್ ಸ್ಟಾರ್ಟರ್. ಒಳಗೆ ಉದ್ದಕ್ಕೆ ಜಾಗವೋ ಜಾಗ. ರೋಗಿಯನ್ನು ಮಲಗಿಸಿ ಪಕ್ಕದಲ್ಲಿ ನಾಲ್ಕು ಜನ ಆರಾಮಾಗಿ ಕೂರಬಹುದು. ಸೀಟು ಹೆಚ್ಚಿಸುವ ಆಸೆಯಿಂದ ಹಳೆಯ ಮಾಲೀಕ ಅದರ ಬಾಡಿಯನ್ನು ಹಿಂದಿನ ಚಕ್ರಕ್ಕಿಂತ ಬಹಳ ಆಚೆಗೆ ಎಳೆದಿದ್ದ. ಭಾರ ಹೊರಲೆಂದು ಹಿಂದಿನ ಸ್ಪ್ರಿಂಗಿಗೆ ಹನ್ನೊಂದು ಪಟ್ಟಿ ಹಾಕಿಸಿದ್ದ.

ಇನ್ನೊಂದು ಇಂಗ್ಲೆಂಡಿನ ವ್ಯಾನು. ಬ್ರೆಡ್ಡು ಬಿಸ್ಕೆಟು ಹಂಚಲು ಇಟ್ಟುಕೊಂಡಿದ್ದರಂತೆ, ಬಾಗಿಲು ತೆರೆದರೆ ಇನ್ನೂ ಹಿಟ್ಟಿನ ವಾಸನೆ. ನಾಲ್ಕು ಸಿಲಿಂಡರ್, ನಾಲ್ಕು ಗೇರು. ಹ್ಯಾಂಡಲ್ ತಿರುಗಿಸಿಯೇ ಸ್ಟಾರ್ಟ್ ಮಾಡಬೇಕು. ಹಿಂದಿನ ಸ್ಪ್ರಿಂಗಿಗೆ ಏಳೇ ಪಟ್ಟಿ, ಆದರೆ ಪಟ್ಟಿಗಳು ಉದ್ದ. ಹಿಂದಿನ ಚಕ್ರ ಹೆಚ್ಚುಕಡಿಮೆ ಬಾಡಿಯ ಕೊನೆಗೇ ಇತ್ತು. ಒಳಗೆ ಮಾತ್ರ ಇಕ್ಕಟ್ಟು. ಸ್ಟ್ರೆಚರ್ ಇಟ್ಟರೆ ಹಿಂದಿನ ಬಾಗಿಲು ಹಾಕಲು ಆಗುತ್ತಿರಲಿಲ್ಲ.

ನೋಡಿದ ಕೂಡಲೇ ನನ್ನ ಮನಸ್ಸು ಅಮೆರಿಕದ್ದರ ಕಡೆ ವಾಲಿತು. ಬಸ್ಸಿನವರಿಗೆ ಎಂಜಿನ್ನಿನ ಮೇಲೆಯೇ ಕಣ್ಣು.

ಪರೀಕ್ಷೆಗೆ ಒಂದು ಕ್ರಮ ಮಾಡಿಕೊಂಡೆ. ಎರಡಕ್ಕೂ ಒಂದೇ ದಾರಿ: ಫಳ್ನೀರಿನಿಂದ ಹಂಪನಕಟ್ಟೆ, ಬಿಜೈ, ಕೊಟ್ಟಾರ ದಾಟಿ ಕೂಳೂರು ಕಡವಿನವರೆಗೆ ಹೋಗಿ ವಾಪಸು. ಆಗ ಕೂಳೂರಿನಲ್ಲಿ ಸೇತುವೆ ಇರಲಿಲ್ಲ, ಹೊಳೆ ದಾಟಲು ದೋಣಿ, ಗಾಡಿಗಳಿಗೆ ಜಂಗಲ್. ಎರಡು ದೊಡ್ಡ ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಬಡಿದದ್ದಕ್ಕೆ ಜಂಗಲ್ ಎನ್ನುತ್ತಿದ್ದೆವು. ಹೊರಡುವ ಮೊದಲು ಪೆಟ್ರೋಲ್ ಟ್ಯಾಂಕನ್ನು ಬಾಯಿವರೆಗೆ ತುಂಬಿಸುವುದು, ಬಂದ ಮೇಲೆ ಅಳತೆಯ ಡಬ್ಬಿಯಿಂದ ಪುನಃ ತುಂಬಿಸಿ ಎಷ್ಟು ಹಿಡಿಯಿತು ಎಂದು ನೋಡುವುದು. ಕೊನೆಗೆ ಬಾವುಟಗುಡ್ಡೆಯ ಏರಿನಲ್ಲಿ ನಡುವೆ ನಿಲ್ಲಿಸಿ, ಬ್ರೇಕು ಹಿಡಿಯುತ್ತದೋ, ನಿಂತಲ್ಲಿಂದ ಎಳೆಯುತ್ತದೋ ನೋಡುವುದು.

ಇದನ್ನೆಲ್ಲ ಡಾಕ್ಟರಮ್ಮನಿಗೆ ವಿವರಿಸುತ್ತಿದ್ದಾಗ ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಹಿರಿಯ ನರ್ಸು ತಲೆ ಎತ್ತಿದರು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸು, ಐವತ್ತು ದಾಟಿದವರು. ಎಲ್ಲರೂ ಅವರನ್ನು ಬಾಯಮ್ಮ ಎನ್ನುತ್ತಿದ್ದರು.

“ಅಲ್ಲ ಡ್ರೈವರೇ, ಹಿಂದೆ ಮಲಗುವವಳ ಪರೀಕ್ಷೆ ಯಾವಾಗ?” ಎಂದರು.

“ಅದು ಹೇಗೆ ಮಾಡುವುದು ಬಾಯಮ್ಮ?”

“ಹೇಗೆ ಎಂತದು? ನಾನು ಮಲಗ್ತೇನೆ.”

ಹಾಗೆ ಬಾಯಮ್ಮ ಎರಡೂ ಗಾಡಿಗಳಲ್ಲಿ ಸ್ಟ್ರೆಚರಿನ ಮೇಲೆ ಮಲಗಿ ಕೂಳೂರಿಗೆ ಹೋಗಿ ಬಂದರು. ಪಕ್ಕದಲ್ಲಿ ಒಂದು ಪಿಂಗಾಣಿ ಬಟ್ಟಲಲ್ಲಿ ನೀರು ಇಟ್ಟುಕೊಂಡಿದ್ದರು. ಎಷ್ಟು ಚೆಲ್ಲುತ್ತದೆ ಎಂದು ನೋಡಲು.

ಅಮೆರಿಕದ್ದು ಬಾವುಟಗುಡ್ಡೆಯನ್ನು ಆಟದ ಹಾಗೆ ಹತ್ತಿತು. ಬಿಜೈ ಏರನ್ನು ಟಾಪ್ ಗೇರಿನಲ್ಲೇ ಎಳೆಯಿತು. ನಡುವೆ ನಿಲ್ಲಿಸಿ ಬಿಟ್ಟರೂ ಒಂದು ಅಡಿ ಹಿಂದೆ ಜಾರಲಿಲ್ಲ. ಪೆಟ್ರೋಲು ಮಾತ್ರ ಗ್ಯಾಲನ್ನಿಗೆ ಹನ್ನೆರಡು ಮೈಲಿಗಿಂತ ಹೆಚ್ಚು ಕೊಡಲಿಲ್ಲ. ನಾನು ಖುಷಿಯಲ್ಲಿ ಹಿಂದಿನ ಬಾಗಿಲು ತೆರೆದರೆ ಬಾಯಮ್ಮ ಸ್ಟ್ರೆಚರಿನ ಮೇಲೆ ಕೂತು ಸೊಂಟ ನೀವಿಕೊಳ್ಳುತ್ತಿದ್ದರು. ಸೀರೆ ಒದ್ದೆ, ಬಟ್ಟಲು ಖಾಲಿ.

“ಇದು ಗಾಡಿಯಲ್ಲ ಮಾರಾಯ್ರೆ, ಒನಕೆ. ನನ್ನನ್ನು ಅಕ್ಕಿ ಕುಟ್ಟಿದ ಹಾಗೆ ಕುಟ್ಟಿತು.”

“ದಪ್ಪ ಹಾಸಿಗೆ ಹಾಕಿದ್ರೆ ಸರಿಯಾಗ್ತದೆ” ಎಂದೆ. ಬಾಯಮ್ಮ ಒದ್ದೆ ಸೆರಗು ಹಿಂಡಿಕೊಂಡು ಒಳಗೆ ಹೋದರು.

ಮರುದಿನ ಇಂಗ್ಲೆಂಡಿನದ್ದು, ಮುಚ್ಚದ ಹಿಂದಿನ ಬಾಗಿಲನ್ನು ಹಗ್ಗದಿಂದ ಕಟ್ಟಿಕೊಂಡು. ಹೋಗುವಾಗ ಚೆನ್ನಾಗಿಯೇ ಹೋಯಿತು. ಬರುವಾಗ ಬಿಜೈ ಏರನ್ನು ಎರಡನೇ ಗೇರಿನಲ್ಲಿ ನರಳುತ್ತ ಹತ್ತುತ್ತಿತ್ತು. ಒಬ್ಬ ಸೈಕಲ್ಲಿನಿಂದ ಇಳಿದು, ಸೈಕಲ್ ನೂಕಿಕೊಂಡು ನಮ್ಮ ಜೊತೆ ಜೊತೆಗೇ ನಡೆದುಬಂದ. ತುದಿ ಇನ್ನೇನು ಬಂತು ಎನ್ನುವಾಗ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಇಳಿದು ನೋಡಿದರೆ ಕಾರ್ಬುರೇಟರಿನಲ್ಲಿ ಪೆಟ್ರೋಲೇ ಇಲ್ಲ, ಹಿಂದಿನ ಟ್ಯಾಂಕಿನಲ್ಲಿ ಬೇಕಾದಷ್ಟಿದೆ. ಈ ವ್ಯಾನಿಗೆ ಪೆಟ್ರೋಲು ಪಂಪು ಇರಲಿಲ್ಲ. ಬಾನೆಟ್ಟಿನ ಒಳಗೆ ಒಂದು ಸಣ್ಣ ಡಬ್ಬಿ. ಎಂಜಿನ್ ಎಳೆಯುವ ಉಸಿರಿನ ಬಲದಿಂದಲೇ ಪೆಟ್ರೋಲು ಹಿಂದಿನಿಂದ ಬಂದು ಆ ಡಬ್ಬಿ ತುಂಬಬೇಕು. ಉದ್ದದ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿಯೇ ಇಟ್ಟರೆ ಆ ಎಳೆತ ಸತ್ತುಹೋಗುತ್ತದೆ, ಡಬ್ಬಿ ಬರಿದಾಗುತ್ತದೆ.

ಕೈಯಿಂದ ಸ್ವಲ್ಪ ಪೆಟ್ರೋಲು ಸುರಿದು ಹೇಗೋ ಆಸ್ಪತ್ರೆ ಮುಟ್ಟಿಸಿದೆ. ಗ್ಯಾಲನ್ನಿಗೆ ಇಪ್ಪತ್ತು ಮೈಲಿ ದಾಟಿತ್ತು, ಬಾಯಮ್ಮನ ಬಟ್ಟಲಲ್ಲಿ ಮುಕ್ಕಾಲು ನೀರು ಉಳಿದಿತ್ತು. ಆದರೆ ಏರಿನಲ್ಲಿ ನಿಂತ ಗಾಡಿ ನಿಂತ ಗಾಡಿಯೇ. ಡಾಕ್ಟರಮ್ಮ ಎಲ್ಲ ಕೇಳಿ, “ರೋಗಿ ಒಳಗಿರುವಾಗ ಹೀಗೆ ನಿಂತರೆ?” ಎಂದರು. ಆರು ಸಿಲಿಂಡರಿನದೇ ಸರಿ ಎಂದು ಇಬ್ಬರೂ ಹೆಚ್ಚುಕಡಿಮೆ ಒಪ್ಪಿದೆವು. ಕುತೂಹಲಕ್ಕೆಂದು ನಾನು ವ್ಯಾನಿನ ಆ ಡಬ್ಬಿಯನ್ನು ಕಳಚಿ, ಮರದ ಕೆಳಗೆ ಗೋಣಿಯ ಮೇಲೆ ಬಿಡಿಬಿಡಿಯಾಗಿ ಹರಡಿಕೊಂಡು ಕೂತೆ.

ಹಾಗೆ ಕೂತಿರುವಾಗಲೇ ಪಣಂಬೂರಿನಿಂದ ಒಬ್ಬ ಓಡಿಬಂದ. ಮೀನು ಹಿಡಿಯುವ ಮನೆಯವನು, ಬಲೆ ಎಳೆದೆಳೆದು ಹಲಗೆಯಂತಾದ ಎದೆ. ಏದುಸಿರು ಬಿಡುತ್ತಿದ್ದ. ಅವನ ತಂಗಿಗೆ ನಿನ್ನೆಯಿಂದ ನೋವು, ಮಗು ಅಡ್ಡ ತಿರುಗಿದೆ, ಸೂಲಗಿತ್ತಿ ಕೈಬಿಟ್ಟಿದ್ದಾಳೆ. ಮನೆಯವರು ಅವಳನ್ನು ಮಂಚದ ಮೇಲೆ ಮಲಗಿಸಿ ಕೂಳೂರು ಕಡವಿಗೆ ಹೊತ್ತು ತರುತ್ತಿದ್ದಾರೆ.

ಡಾಕ್ಟರಮ್ಮ ನನ್ನತ್ತ ನೋಡಿದರು. ವ್ಯಾನಿನ ಕರುಳು ಗೋಣಿಯ ಮೇಲಿತ್ತು. “ಅದರಲ್ಲೇ ಹೋಗಿ” ಎಂದು ಅಮೆರಿಕದ್ದರ ಕಡೆ ಕೈ ತೋರಿಸಿ, “ನಾನು ಇಲ್ಲಿ ಆಪರೇಶನ್ನಿಗೆ ತಯಾರು ಮಾಡ್ತೇನೆ” ಎಂದು ಒಳಗೆ ಹೋದರು. ಬಾಯಮ್ಮ ಚೀಲ ಹಿಡಿದು ಹತ್ತಿದರು. ಓಡಿಬಂದ ಅಣ್ಣ ನನ್ನ ಪಕ್ಕದಲ್ಲಿ ಕೂತ.

ಹೋಗುವಾಗ ಅಮೆರಿಕದ್ದರ ಮೇಲೆ ನನಗಿದ್ದ ಪ್ರೀತಿ ಹೆಚ್ಚೇ ಆಯಿತು. ಆ ವೇಗದಲ್ಲಿ ಕೂಳೂರು ಮುಟ್ಟುತ್ತೇವೆಂದು ನಾನೇ ಅಂದುಕೊಂಡಿರಲಿಲ್ಲ. ಕಡವಿನಲ್ಲಿ ನೀರು ಇಳಿದಿತ್ತು. ಜಂಗಲ್ ದಂಡೆಗೆ ತಾಗಿ ನಿಲ್ಲಲಾಗದೆ ಸ್ವಲ್ಪ ಆಚೆಗಿತ್ತು. ಆಚೆ ದಾಟಿ ಅವರನ್ನು ದಾರಿಯಲ್ಲೇ ಎದುರುಗೊಳ್ಳಬೇಕೆಂದರೆ ಗಾಡಿ ದಂಡೆಯ ಇಳಿಜಾರಿನಲ್ಲಿ ನೀರಿನ ಅಂಚಿಗೆ ಇಳಿದು, ಅಲ್ಲಿಂದ ಎರಡು ಹಲಗೆಗಳ ಮೇಲೆ ಪುನಃ ಹತ್ತಬೇಕು.

ಜಂಗಲ್ ನೋಡಿಕೊಳ್ಳುವ ಮುದಿ ಬ್ಯಾರಿ ಮುಸಲ್ಮಾನ ಗಾಡಿಯ ಹಿಂಭಾಗವನ್ನು ಒಮ್ಮೆ ನೋಡಿದ. “ಡ್ರೈವರೇ, ಇದರ ಬಾಲ ಉದ್ದ ಉಂಟು. ನೀರು ಏರಿದ ಮೇಲೆ ಹತ್ತಿಸುವ.”

“ನೀರು ಏರುವವರೆಗೆ ಕಾಯ್ಲಿಕ್ಕೆ ಆಗ್ಲಿಕ್ಕಿಲ್ಲ ಸಾಯ್ಬರೇ” ಎಂದು ಇಳಿಸಿಯೇ ಬಿಟ್ಟೆ.

ಮುಂದಿನ ಚಕ್ರ ಹಲಗೆ ಹತ್ತಿತು. ಹಿಂದಿನ ಚಕ್ರ ಇಳಿಜಾರಿನ ಬುಡಕ್ಕೆ ಬಂದದ್ದೇ ಕಟಕಟ ಎಂದು ಸದ್ದಾಯಿತು. ಚಕ್ರದಿಂದಾಚೆಗೆ ಚಾಚಿದ್ದ ಬಾಡಿ ದಂಡೆಯ ಮಣ್ಣಿಗೆ ಕಚ್ಚಿಕೊಂಡು ಹಿಂದಿನ ಚಕ್ರಗಳ ಭಾರ ಹಗುರಾಯಿತು. ಎಂಜಿನ್ನಿನ ಬಲ ಎಷ್ಟಿದ್ದರೇನು, ಚಕ್ರ ಮರಳಿನಲ್ಲಿ ಸುಮ್ಮನೆ ತಿರುಗಿತು.

ಆಚೆ ದಡದಲ್ಲಿ ಮಂಚ ಹೊತ್ತವರು ಕಾಣಿಸಿಕೊಂಡರು. ಅಣ್ಣ ನೀರಿಗೆ ಇಳಿದು ಕೂಗತೊಡಗಿದ. ಬಾಯಮ್ಮ ಒಂದು ನಿಮಿಷವೂ ವ್ಯರ್ಥ ಮಾಡಲಿಲ್ಲ. ಸ್ಟ್ರೆಚರನ್ನು ಸಣ್ಣ ದೋಣಿಗೆ ಹಾಕಿಸಿ, ಸೀರೆ ಎತ್ತಿ ಕಟ್ಟಿ ತಾವೂ ಹತ್ತಿದರು. “ನಾನು ಅವಳನ್ನು ದೋಣಿಯಲ್ಲಿ ತರ್ತೇನೆ. ನಾನು ಬರುವಾಗ ನಿಮ್ಮ ಗಾಡಿ ದಾರಿಯಲ್ಲಿ ಇರ್ಬೇಕು” ಎಂದು ಹೇಳಿ ಹೋದರು.

ನಾನು, ಬ್ಯಾರಿ, ಅವನ ಇಬ್ಬರು ಆಳುಗಳು ಸೇರಿ ಬಾಲದ ಅಡಿಯ ಮಣ್ಣು ಕೆತ್ತಿದೆವು, ಚಕ್ರದ ಅಡಿಗೆ ತೆಂಗಿನ ಮಡಲು ತುರುಕಿದೆವು. ಗಾಡಿ ಹಿಂದಕ್ಕೆ ಹತ್ತಿ ದಾರಿಗೆ ಬಂತು. ಮುಖ ಊರಿನ ಕಡೆ ತಿರುಗಿಸಿ ನಿಲ್ಲಿಸುವಷ್ಟರಲ್ಲಿ ಎರಡು ದೋಣಿಗಳು ಈಚೆ ಬಂದಿದ್ದವು. ಒಂದರಲ್ಲಿ ಬಾಯಮ್ಮ ಮತ್ತು ಆ ಹೆಣ್ಣು, ಇನ್ನೊಂದರಲ್ಲಿ ಮಂಚ ಹೊತ್ತಿದ್ದ ಗಂಡಸರು.

ಅವಳಿಗೆ ಇಪ್ಪತ್ತು ಇದ್ದೀತು. ಕೂಗುವ ಶಕ್ತಿ ಮುಗಿದಿತ್ತು. ತುಟಿ ಕಚ್ಚಿ ಆಕಾಶ ನೋಡುತ್ತಿದ್ದಳು. ಬಾಯಮ್ಮ ಗಾಡಿಯ ಹಿಂದೆ ನಿಂತು ಒಳಗೆ ನೋಡಿದರು, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲ ಹೇಳಿದರು: “ನೋಡಿ, ನಾನು ಇದರಲ್ಲಿ ಮಲಗಿದವಳು. ನನಗೆ ಗೊತ್ತುಂಟು. ಹಾಗಿನ ಒಂದು ಕುಟ್ಟು ಇವಳ ಹೊಟ್ಟೆಗೆ ಬಿದ್ದರೆ ಒಳಗೇ ಹರಿದುಹೋಗ್ತದೆ. ಮತ್ತೆ ಡಾಕ್ಟರಮ್ಮನಿಗೂ ಎಂತ ಮಾಡ್ಲಿಕ್ಕಿಲ್ಲ.”

“ಮೆಲ್ಲ ಬಿಡ್ತೇನೆ ಬಾಯಮ್ಮ.”

“ಮೆಲ್ಲ ಹೋದರೆ ಹೊತ್ತಾಗ್ತದೆ. ಅವಳಿಗೆ ಅಷ್ಟು ಹೊತ್ತಿಲ್ಲ.”

ನಾನು ಬಗ್ಗಿ ಹಿಂದಿನ ಸ್ಪ್ರಿಂಗ್ ನೋಡಿದೆ. ಹನ್ನೊಂದು ಪಟ್ಟಿಯ ಕಮಾನು, ಒಂದಿಷ್ಟೂ ಬಾಗದೆ ಸೆಟೆದು ನಿಂತಿತ್ತು. ಹದಿನಾರು ಜನರ ಭಾರಕ್ಕೆಂದು ಮಾಡಿಸಿದ್ದು, ಒಳಗೆ ಇಬ್ಬರು ಹೆಂಗಸರು ಇದ್ದರೆ ಅದು ಸ್ಪ್ರಿಂಗೇ ಅಲ್ಲ, ಕಬ್ಬಿಣದ ತುಂಡು. ಕಾರ್ಕಳದ ದಾರಿ ನೆನಪಾಯಿತು. ಬೆಳಗ್ಗೆ ಖಾಲಿ ಬಸ್ಸು ಕುಣಿಯುತ್ತಿತ್ತು. ಸಂತೆಯ ದಿನ ತುಂಬಿ ತುಳುಕುವಾಗ ಅದೇ ಬಸ್ಸು ಅದೇ ಗುಂಡಿಗಳ ಮೇಲೆ ದೋಣಿಯ ಹಾಗೆ ತೇಲುತ್ತಿತ್ತು.

ದಡದಲ್ಲಿ ಗಂಡಸರು ಕೈ ಕಟ್ಟಿ ನಿಂತಿದ್ದರು. ಅಣ್ಣನೂ ಸೇರಿ ಎಂಟು ಜನ, ಎಲ್ಲರೂ ಬಲೆಯ ಹಗ್ಗ ಎಳೆಯುವ ಆಳುಗಳು.

“ಎಲ್ಲ ಒಳಗೆ ಹತ್ತಿ!” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಅವರಲ್ಲಿ ಹಿರಿಯನೊಬ್ಬ, “ನಾವು ಯಾಕೆ? ಅವಳಿಗೆ ಗಾಳಿ ಬೇಡವಾ? ಭಾರ ಆಗುದಿಲ್ಲವಾ?” ಎಂದ.

“ಭಾರವೇ ಬೇಕಾದ್ದು ಮಾರಾಯ್ರೆ. ಭಾರ ಇಲ್ಲದಿದ್ರೆ ಈ ಗಾಡಿ ಹಾರ್ತದೆ. ನಾಲ್ಕು ಜನ ಆ ಬದಿ, ನಾಲ್ಕು ಜನ ಈ ಬದಿ, ಚಕ್ರದ ಮೇಲೆ ಸರಿಯಾಗಿ ಕೂರಿ. ಹಿಂದೆ ಬಾಲಕ್ಕೆ ಯಾರೂ ಹೋಗ್ಬೇಡಿ.”

ಅವರು ಬಾಯಮ್ಮನ ಮುಖ ನೋಡಿದರು. ಬಾಯಮ್ಮ ಒಂದು ಕ್ಷಣ ನನ್ನನ್ನೇ ನೋಡಿ, “ಹತ್ತಿ, ಹತ್ತಿ! ಮುಖ ಆಚೆ ತಿರುಗಿಸಿ ಕೂರಿ” ಎಂದು ಗದರಿದರು. ಸ್ಟ್ರೆಚರಿನ ಸುತ್ತ ಒಂದು ಸೀರೆ ಮರೆಕಟ್ಟಿದರು. ಒದ್ದೆ ಮೈಯ ಗಂಡಸರು ಒಬ್ಬೊಬ್ಬರಾಗಿ ಹತ್ತುತ್ತಿದ್ದ ಹಾಗೆ ಗಾಡಿ ಕೆಳಗೆ ಕೂತಿತು. ಸೆಟೆದಿದ್ದ ಕಮಾನು ಮೆಲ್ಲ ಬಾಗಿತು. ಪೆಟ್ಟು ಇನ್ನಷ್ಟು ಮೆತ್ತಗಾಗಲೆಂದು ಹಿಂದಿನ ಎರಡು ಟಯರುಗಳಿಂದ ಸ್ವಲ್ಪ ಗಾಳಿ ಬಿಟ್ಟೆ. ಟಯರು ಹಾಳಾದರೆ ಆಗಲಿ ಎಂದುಕೊಂಡೆ. ಹೊಸ ಟಯರು ಸಿಗದ ಯುದ್ಧದ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ಹೊರಟೆವು. ಮೊದಲ ಗುಂಡಿ ಕೊಟ್ಟಾರಕ್ಕಿಂತ ಮೊದಲೇ ಸಿಕ್ಕಿತು, ಕಿವಿ ಹಿಂದಕ್ಕೇ ಇಟ್ಟು ಚಕ್ರ ಇಳಿಸಿದೆ. ಗಾಡಿ ಒಮ್ಮೆ ತಗ್ಗಿ ಎದ್ದಿತು, ಅಷ್ಟೆ. “ಹೇಗುಂಟು ಬಾಯಮ್ಮ?” ಎಂದು ಕೂಗಿದೆ. “ಹೋಗಿ, ಹೋಗಿ!” ಎಂದು ಒಳಗಿಂದ ಬಂತು. ಹಿರಿಯನ ದನಿ ನಡುನಡುವೆ ಕೇಳುತ್ತಿತ್ತು, ಅವಳಿಗೆ ತುಳುವಿನಲ್ಲಿ ಏನೋ ಹೇಳುತ್ತಿದ್ದ, ಬಿಜೈ ಬಂತು, ಇನ್ನೇನು ಮುಟ್ಟಿದೆವು ಅಂತ. ಬಿಜೈ ಏರಿನಲ್ಲಿ ಎರಡನೇ ಗೇರಿಗೆ ಹಾಕಿದೆ. ಅಷ್ಟು ಭಾರ ಹೊತ್ತೂ ಆ ಎಂಜಿನ್ ಒಂದು ಸಲವೂ ತಡವರಿಸಲಿಲ್ಲ. ಆ ದಿನ ಆರು ಸಿಲಿಂಡರ್ ಇಲ್ಲದಿದ್ದರೆ ನಾವು ಏರು ಹತ್ತುತ್ತಿರಲಿಲ್ಲ, ಇದನ್ನು ಹೇಳಲೇಬೇಕು.

ಸಂಜೆಯ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದರು. ಹೆಣ್ಣುಮಗು, ತಾಯಿಯೂ ಉಳಿದಿದ್ದಾಳೆ. ಎಂಟು ಜನ ಗಂಡಸರು ಜಗಲಿಯಲ್ಲಿ ಸಾಲಾಗಿ ಕೂತಿದ್ದವರು ಎದ್ದು ನಿಂತರು. ಅಣ್ಣ ಮಾತ್ರ ಗೋಡೆಗೆ ಮುಖ ಮಾಡಿ ಅಳುತ್ತಿದ್ದ.

ಮರುದಿನ ಡಾಕ್ಟರಮ್ಮ ನನ್ನನ್ನು ಕರೆಸಿದರು. “ಮತ್ತೇನು, ಅಮೆರಿಕನ್ ಗೆದ್ದಿತಲ್ಲ? ಎಂಟು ಜನರನ್ನು ಹೊತ್ತು ಬಂತು.”

“ಗೆದ್ದಿತು ಅಮ್ಮಾ. ಆದ್ರೆ ಪ್ರತಿ ಸಲ ಎಂಟು ಜನ ಸಿಗ್ಲಿಕ್ಕಿಲ್ಲ.”

ಅವರು ನಕ್ಕರು. “ಮರಳಿನ ಚೀಲ ಹಾಕಿದರೆ?”

ಒಳ್ಳೆಯ ಪ್ರಶ್ನೆ. ನಾನೂ ಅದನ್ನು ಯೋಚಿಸಿದ್ದೆ. ಅಷ್ಟು ಮರಳು ಹೊತ್ತು ತಿರುಗಿದರೆ ಗ್ಯಾಲನ್ನಿಗೆ ಹತ್ತು ಮೈಲಿಯೂ ಸಿಗುವುದಿಲ್ಲ, ಕೂಪನ್ ತಿಂಗಳ ನಡುವೆಯೇ ಮುಗಿಯುತ್ತದೆ. ಸ್ಪ್ರಿಂಗಿನ ನಾಲ್ಕು ಪಟ್ಟಿ ಬಿಚ್ಚಿದರೆ ಮೆತ್ತಗಾಗುತ್ತದೆ, ಆದರೆ ಗಾಡಿ ತಗ್ಗುತ್ತದೆ, ಬಾಲ ಕಡವಿನಲ್ಲಿ ಇನ್ನೂ ಕೆಟ್ಟದಾಗಿ ಕಚ್ಚುತ್ತದೆ. ಬಾಲ ಕತ್ತರಿಸಬಹುದು, ಅದಕ್ಕೆ ಬಾಡಿಯನ್ನೇ ಹೊಸದಾಗಿ ಕಟ್ಟಬೇಕು. ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೆಡುತ್ತಿತ್ತು. ಇಂಗ್ಲೆಂಡಿನದ್ದರ ತೊಂದರೆಗಳು ಹಾಗಲ್ಲ, ಒಂದಕ್ಕೊಂದು ಸಂಬಂಧ ಇಲ್ಲದವು. ಡಬ್ಬಿಗೆ ಬರುವ ಎಳೆತದ ಪೈಪಿನ ಕೀಲಿನಲ್ಲಿ ಗಾಳಿ ಸೋರುತ್ತಿತ್ತು, ಬಿಚ್ಚಿದಾಗ ಕಣ್ಣಿಗೆ ಬಿದ್ದಿತ್ತು. ಅದನ್ನು ಬೆಸೆದು, ಏರಿನಲ್ಲಿ ಆಗಾಗ ಆಕ್ಸಿಲರೇಟರಿನಿಂದ ಕಾಲು ಎತ್ತಿ ಉಸಿರು ಕೊಟ್ಟರೆ ಗಾಡಿ ನಿಲ್ಲುವುದಿಲ್ಲ. ಡ್ರೈವರ್ ಪಕ್ಕದ ಸೀಟು ಕಿತ್ತು, ಅದರ ಹಿಂದಿನ ಅಡ್ಡ ತಡಿಕೆ ಒಡೆದರೆ ಸ್ಟ್ರೆಚರಿನ ತಲೆಭಾಗ ಮುಂದಕ್ಕೆ ಬಂದು ಬಾಗಿಲು ಮುಚ್ಚುತ್ತದೆ.

“ಇಂಗ್ಲೆಂಡಿನದ್ದು ಇಟ್ಟುಕೊಳ್ಳಿ” ಎಂದೆ. “ಏರಿನಲ್ಲಿ ತಡ ಆಗ್ತದೆ. ಅದನ್ನು ನಾನು ಇಲ್ಲ ಅನ್ನುವುದಿಲ್ಲ.”

“ಎಷ್ಟು ತಡ?”

“ನೀವೇ ಬಂದು ನೋಡಿ.”

ಡಬ್ಬಿ ಜೋಡಿಸಿ, ಸೀಟು ಕಿತ್ತ ಮೇಲೆ ಡಾಕ್ಟರಮ್ಮ ನಿಜವಾಗಿಯೂ ಬಂದರು. ಸ್ಟ್ರೆಚರಿನ ಮೇಲೆ ತಾವೇ ಮಲಗಿದರು. ನೀರು ಇಳಿದ ಹೊತ್ತನ್ನೇ ನೋಡಿ ಕಡವಿಗೆ ಹೋದೆವು. ವ್ಯಾನು ದಂಡೆ ಇಳಿಯಿತು, ಹಲಗೆ ಹತ್ತಿತು, ಎಲ್ಲೂ ಕಚ್ಚಲಿಲ್ಲ. ಮುದಿ ಬ್ಯಾರಿ ಬೀಡಿ ಬಾಯಿಂದ ತೆಗೆದು, “ಇದಕ್ಕೆ ಬಾಲವೇ ಇಲ್ಲ” ಎಂದ. ಬರುವಾಗ ಬಿಜೈ ಏರಿನಲ್ಲಿ ಕಾಲು ಎತ್ತಿ ಇಳಿಸಿ, ಎತ್ತಿ ಇಳಿಸಿ ತುದಿ ಮುಟ್ಟಿಸಿದೆ. ಎಂಜಿನ್ ಕೆಮ್ಮಲಿಲ್ಲ. ಆಸ್ಪತ್ರೆಯಲ್ಲಿ ಇಳಿದ ಡಾಕ್ಟರಮ್ಮ, “ತಡ ಆಯ್ತು. ಆದರೆ ನಾನು ಎದ್ದು ಸೀದಾ ಕೆಲಸಕ್ಕೆ ಹೋಗಬಹುದು” ಎಂದು ಹೇಳಿ ಹೋದರು. ಅಮೆರಿಕದ್ದನ್ನು ಒಬ್ಬ ಮರದ ವ್ಯಾಪಾರಿ ಕೊಂಡುಕೊಂಡ. ದಿಮ್ಮಿಗಳನ್ನು ತುಂಬಿಕೊಂಡು ಅದು ಗಂಭೀರವಾಗಿ ಹೋಗುವುದನ್ನು ಆಮೇಲೂ ಕಂಡಿದ್ದೇನೆ. ಅದಕ್ಕೆ ಒಗ್ಗುವ ಕೆಲಸ ಅದೇ.

ವ್ಯಾನು ಆಸ್ಪತ್ರೆಯದಾದ ಮೇಲೆ ಮೊದಲ ವಾರ ಬಿಡುವೇ ಇರಲಿಲ್ಲ. ಬಾಯಮ್ಮ ಹಗಲೂ ರಾತ್ರಿಯೂ ವಾರ್ಡಿನಲ್ಲಿ. ಒಂದು ಮಧ್ಯಾಹ್ನ ಬಾಣಂತಿಯೊಬ್ಬಳನ್ನು ಸುರತ್ಕಲ್ಲಿನ ಕಡೆ ಮನೆಗೆ ಬಿಟ್ಟು ವಾಪಸು ಹೊರಟೆವು. ಮುಂದೆ ಕೂರಲು ಸೀಟಿಲ್ಲದ್ದರಿಂದ ಬಾಯಮ್ಮ ಹಿಂದೆ ಸ್ಟ್ರೆಚರಿನ ಅಂಚಿನಲ್ಲಿ ಕೂತಿದ್ದರು. ಜಂಗಲಿನಲ್ಲಿ ಹೊಳೆ ದಾಟುವಾಗ ಏನೋ ಕೇಳಿದೆ, ಉತ್ತರ ಬರಲಿಲ್ಲ. ಕೊಟ್ಟಾರದ ಆ ಗುಂಡಿಗಳು ಬಂದವು. ಅಲ್ಲಿಯೂ ಅವರ ಬಯ್ಗುಳ ಕೇಳಲಿಲ್ಲ. ಬಿಜೈಯ ತುದಿಯಲ್ಲಿ ತಿರುಗಿ ನೋಡಿದೆ. ಬಾಯಮ್ಮ ಸ್ಟ್ರೆಚರಿನ ಮೇಲೆ ಮಗ್ಗುಲಾಗಿ, ಕೈಯನ್ನು ಕೆನ್ನೆಯ ಅಡಿಗಿಟ್ಟು ನಿದ್ದೆ ಹೋಗಿದ್ದರು.

ಆಸ್ಪತ್ರೆಯ ಗೇಟಿನೊಳಗೆ ತಂದು ನೆರಳು ಕಂಡಲ್ಲಿ ನಿಲ್ಲಿಸಿದೆ. ಎಂಜಿನ್ ನಿಲ್ಲಿಸಿದರೆ ಸದ್ದು ನಿಂತದ್ದಕ್ಕೇ ಎಚ್ಚರವಾದೀತೆಂದು ಅನುಮಾನ. ಪೆಟ್ರೋಲು ಸುಮ್ಮನೆ ಉರಿಯುವುದೂ ಮನಸ್ಸಿಗೆ ಚುಚ್ಚುತ್ತಿತ್ತು. ಕಡೆಗೆ ಮೆಲ್ಲ ಸ್ವಿಚ್ ಇಳಿಸಿದೆ. ಅವರು ಏಳಲಿಲ್ಲ. ಡಾಕ್ಟರಮ್ಮ ಕಿಟಕಿಯಿಂದ ನೋಡಿ ಯಾಕೆ ಇಳಿಯುವುದಿಲ್ಲ ಎಂದು ಕೈಸನ್ನೆ ಮಾಡಿದರು. ನಾನು ಹಿಂದೆ ತೋರಿಸಿ, ಕಣ್ಣು ಮುಚ್ಚಿ ತಲೆ ವಾಲಿಸಿದೆ. ಅವರು ತಲೆಯಾಡಿಸಿ, ಕಿಟಕಿಯ ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡರು.